ನ್ಯಾಮತಿ ಜುಂಜಪ್ಪನ ಖಾಲಿ ಬಾಟ್ಲಿ

ನ್ಯಾಮತಿಯ ಬಸ್ ಏಜೆಂಟ್ ಜುಂಜಪ್ಪನಂಥ ಮನುಷ್ಯ ಇಡೀ ಮೈಸೂರು ಸಂಸ್ಥಾನದಲ್ಲಿ ಎರಡನೆಯವನಿರಲಿಲ್ಲ. ಇದ್ದಿದ್ದರೂ ಇಬ್ಬರು ಒಟ್ಟಿಗೆ ನಿಲ್ಲುವಷ್ಟು ಜಾಗ ಸಂಸ್ಥಾನದಲ್ಲಿ ಇರಲಿಲ್ಲ. ಮಂಡಿಯ ತಕ್ಕಡಿಯಲ್ಲಿ ಒಮ್ಮೆ ಅವನನ್ನು ಕೂರಿಸಿದಾಗ ಆಚೆ ತಟ್ಟೆಗೆ ಹತ್ತು ಮಣದ ಕಲ್ಲು ಹೇರಿದರೂ ಸಾಲದೆ, ಕೊನೆಗೆ ಮಂಡಿಯ ಗುಮಾಸ್ತನೇ ಹತ್ತಿ ಕೂತು ಸಮ ಮಾಡಿದನೆಂದು ಕಣ್ಣಾರೆ ಕಂಡವರು ಹೇಳುತ್ತಾರೆ. ಕಾಣದವರು ಇಬ್ಬರು ಗುಮಾಸ್ತರು ಎನ್ನುತ್ತಾರೆ. ಉತ್ಪ್ರೇಕ್ಷೆ ನಮಗೆ ಆಗಿಬರುವುದಿಲ್ಲವಾದ್ದರಿಂದ ಒಂದೂವರೆ ಗುಮಾಸ್ತನೆಂದು ಇಟ್ಟುಕೊಳ್ಳೋಣ.

ಅದು ಯುದ್ಧದ ಕಾಲ. ಪೆಟ್ರೋಲು ಯುದ್ಧಕ್ಕೆ ಹೋಗಿತ್ತು. ಬಸ್ಸುಗಳು ಬೆನ್ನ ಮೇಲೊಂದು ಡ್ರಮ್ಮು ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಬಸ್ ಮಾಲೀಕರ ಮಾತು. ಹೊನ್ನಾಳಿಯಲ್ಲಿ ಬೆಳ್ಳಗೆ ಹತ್ತಿದ ವರ ನ್ಯಾಮತಿಯಲ್ಲಿ ಕರ್ರಗೆ ಇಳಿದು, ಹೆಣ್ಣಿನ ಕಡೆಯವರು ಸಂಬಂಧ ಬೇಡವೆಂದದ್ದೂ ಉಂಟು.

ಜುಂಜಪ್ಪನ ಕೆಲಸ ಎರಡೇ. ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೈಯುಳ್ಳ ಕುರ್ಚಿಯಲ್ಲಿ ಕೂತು ಟಿಕೀಟು ಹರಿಯುವುದು, ಬಸ್ಸು ಹೊರಡುವಾಗ ಹಿತ್ತಾಳೆ ಸೀಟಿ ಊದುವುದು. ಅವನ ಸೀಟಿಯೆಂದರೆ ಸೂರಗೊಂಡನಕೊಪ್ಪದಲ್ಲಿ ಮೇಯುತ್ತಿದ್ದ ದನ ತಲೆಯೆತ್ತಬೇಕು. ಆ ಸೀಟಿ ಊದದೆ ಡ್ರೈವರ್ ಮಲ್ಲೇಶಪ್ಪ ಬಸ್ಸು ಬಿಟ್ಟವನಲ್ಲ.

ಒಂದು ಸೋಮವಾರ ಜುಂಜಪ್ಪ ಸೀಟಿ ಬಾಯಿಗಿಟ್ಟು ಊದಿದ. ಪುಸ್ ಎಂದಿತು. ಇನ್ನೊಮ್ಮೆ ಊದಿದ. ಅಷ್ಟೂ ಅನ್ನಲಿಲ್ಲ. ಅವನ ಕಣ್ಣು ಮೇಲಾಯಿತು, ಎದೆ ಕಮ್ಮಾರನ ಹಳೇ ತಿದಿಯಂತೆ ಏರಿಳಿಯಿತು. ಸೀಟಿಯಿಲ್ಲದೆ ಬಸ್ಸು ಒಂದು ಗಂಟೆ ನಿಂತಿತು.

"ಏಜೆಂಟ್ರೆ, ಸೀಟಿ ಕೆಟ್ಟೈತೋ ನೀವು ಕೆಟ್ಟೀರೋ?" ಎಂದ ಮಲ್ಲೇಶಪ್ಪ.

ಸೀಟಿಯನ್ನು ಮಲ್ಲೇಶಪ್ಪನೇ ಊದಿ ನೋಡಿದ. ದನ ತಲೆಯೆತ್ತಿದವು. ಕೆಟ್ಟಿರುವುದು ಏಜೆಂಟರೇ ಎಂದು ರುಜುವಾತಾಯಿತು.

ಜುಂಜಪ್ಪ ಮನೆಯಿಂದ ಔಷಧಿ ಬಾಟ್ಲಿ ತರಿಸಿಕೊಂಡು ಡಿಸ್ಪೆನ್ಸರಿಗೆ ಹೋದ. ಈ ಬಾಟ್ಲಿಯ ವಿಷಯ ಒಂದಿಷ್ಟು ಹೇಳಬೇಕು. ಆಗ ರೋಗಿಯೇ ಮನೆಯಿಂದ ಬಾಟ್ಲಿ ಒಯ್ಯಬೇಕು. ಡಾಕ್ಟರು ಚೀಟಿ ಬರೆದರೆ ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಚರ್ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ತೋರಿಸಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಹಿಂದಿದ್ದ ಡಾಕ್ಟರು ಜ್ವರಕ್ಕೂ ಕೆಮ್ಮಿಗೂ ಸೊಸೆಯ ಮೇಲಿನ ಸಿಟ್ಟಿಗೂ ಅದೇ ಕೆಂಪು ಮಿಕ್ಚರ್ ಕೊಟ್ಟು ದೇವರೆನಿಸಿಕೊಂಡಿದ್ದರು. ಅವರಿಗೆ ಚನ್ನಗಿರಿಗೆ ವರ್ಗವಾದ ದಿನ ನ್ಯಾಮತಿಯೇ ಅತ್ತಿತು. ಅಷ್ಟು ವರ್ಷದಲ್ಲಿ ಅವರು ಬಾಟ್ಲಿಯನ್ನು ಖಾಲಿ ವಾಪಸು ಕಳಿಸಿದ್ದು ಎರಡೇ ಸಲ. "ಔಷಧಿ ಬೇಡ, ಮನೆಗೆ ಕರ್ಕೊಂಡು ಹೋಗಿ" ಎಂದಿದ್ದರು. ಇಬ್ಬರೂ ಸಂತೆಯ ದಿನ ಬರುವುದರೊಳಗೆ ತೀರಿಕೊಂಡರು. ಅಂದಿನಿಂದ ನ್ಯಾಮತಿಯಲ್ಲಿ ಖಾಲಿ ಬಾಟ್ಲಿಯೆಂದರೆ ಯಮನ ಆಫೀಸಿನಿಂದ ಬಂದ ಸಮನ್ಸು.

ಈಗ ಅವರ ಜಾಗಕ್ಕೆ ಬಂದವರು ಮೈಸೂರಿನ ಕಡೆಯ ನಿರ್ಮಲಮ್ಮ ಎಂಬ ಡಾಕ್ಟರು. ಹೆಂಗಸು ಡಾಕ್ಟರೆಂಬ ಆಘಾತದಿಂದ ಊರು ಚೇತರಿಸಿಕೊಂಡಿದ್ದೇ ಹಿಂದಿನ ವಾರ.

ಆಕೆ ನಾಡಿ ನೋಡಿದರು, ಎದೆಗೆ ಕೊಳವೆಯಿಟ್ಟು ಕೇಳಿದರು, ಕಾಲು ಒತ್ತಿ ನೋಡಿದರು. ಆಮೇಲೆ ಚೀಟಿ ಬರೆಯುವ ಬದಲು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಜುಂಜಪ್ಪನವರೆ, ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ?"

"ಒಂದೇ ಸಲ ರೀ, ಅವ್ವಾರೆ."

"ಒಂದೇ ಸಲವೇ?"

"ಬೆಳಗ್ಗೆ ಶುರು ಮಾಡಿದ್ರೆ ಮುಗಿಯೋದು ದೀಪ ಹಚ್ಚೋ ಹೊತ್ತಿಗೆ. ನಡುವೆ ಬಿಡೋದಿಲ್ಲ, ಹಂಗಾಗಿ ಒಂದೇ ಅಂದೆ."

"ಸ್ಟ್ಯಾಂಡಿನಲ್ಲಿ ಏನು ತಿಂತೀರಿ?"

"ಏನಿಲ್ಲ. ಬಸ್ಸು ಬರೋ ತನಕ ಮಂಡಕ್ಕಿ ಮೆಣಸಿನಕಾಯಿ."

"ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ?"

"ಅದ್ಯಾರಿಗ್ ಗೊತ್ತು ರೀ."

"ನಡೆಯೋದು?"

ಜುಂಜಪ್ಪ ಗಾಬರಿಯಾಗಿ ಆಕೆಯ ಮುಖ ನೋಡಿದ. "ನಾನು ಬಸ್ ಏಜೆಂಟು ರೀ. ನಾನೇ ನಡೆದ್ರೆ ಬಸ್ಸಿನ ಮಾನ ಏನಾಗಬೇಕು?"

ಹೀಗೆ ಅರ್ಧ ಗಂಟೆ. ನಶ್ಯ ಎಷ್ಟು, ಬೆಲ್ಲದ ಕಾಫಿ ಎಷ್ಟು ಲೋಟ, ನಿದ್ದೆ ಯಾವಾಗ, ಹೆಂಡತಿಯ ಜತೆ ಕೂತು ಉಣ್ಣುತ್ತೀರಾ, ಎಲ್ಲ ಕೇಳಿದರು. ಬಾಗಿಲಲ್ಲಿ ಕಾದಿದ್ದ ಹದಿನಾಲ್ಕು ರೋಗಿಗಳು ಕೆಮ್ಮುವುದನ್ನೂ ಮರೆತು ಕಿವಿಗೊಟ್ಟರು. ಹೆಣ್ಣು ನೋಡಲು ಹೋದಾಗ ಜುಂಜಪ್ಪನ ಮಾವನೂ ಇಷ್ಟು ವಿಚಾರಿಸಿರಲಿಲ್ಲ.

ಕೊನೆಗೆ ಡಾಕ್ಟರಮ್ಮ ಹೇಳಿದರು. "ನಿಮಗೆ ಔಷಧಿ ಬೇಡ. ನಿಮ್ಮ ದಿನಚರಿ ಬದಲಾಗಬೇಕು. ಎಲ್ಲಾ ಒಟ್ಟಿಗೆ ಬೇಡ, ವಾರಕ್ಕೊಂದು. ಈ ವಾರ ಯಾವುದು ಅಂತ ನೀವೇ ಆರಿಸಿಕೊಳ್ಳಿ."

"ಔಷಧಿ?"

"ಬೇಡ ಅಂದೆನಲ್ಲ."

ಒಳಗೆ ಕಾಂಪೌಂಡರ್ ಮರುಳಪ್ಪ ಅಳತೆಯ ಗಾಜಿಗೆ ಕೆಂಪು ಮಿಕ್ಚರ್ ಬಗ್ಗಿಸಿದ್ದವನು ಹಾಗೇ ನಿಂತುಬಿಟ್ಟ. ಇಪ್ಪತ್ತು ವರ್ಷದ ನೌಕರಿಯಲ್ಲಿ ಬಗ್ಗಿಸಿದ ಮಿಕ್ಚರನ್ನು ಅವನು ವಾಪಸು ಜಾಡಿಗೆ ಸುರಿದದ್ದು ಅದೇ ಮೊದಲು.

"ಅವ್ವಾರೆ, ಸ್ವಲ್ಪನಾದ್ರೂ ಕೊಡ್ರಿ. ತಳ ಮುಚ್ಚುವಷ್ಟು," ಎಂದ ಜುಂಜಪ್ಪ. ಅವನ ದನಿ ಸೀಟಿಯಂತೆಯೇ ಆಗಿತ್ತು.

ನಿರ್ಮಲಮ್ಮ ನಕ್ಕರು. "ಒಂದು ಕರಾರು ಮಾಡಿಕೊಳ್ಳೋಣ. ಎಂಟು ವಾರ ನಾವಿಬ್ಬರೂ ಒಪ್ಪಿದ್ದನ್ನ ಮಾಡಿ, ಪ್ರತಿ ಸೋಮವಾರ ಬಂದು ಏನಾಯ್ತು ಅಂತ ಹೇಳಿ. ಎಂಟನೇ ಸೋಮವಾರ ಇಲ್ಲೇ ನಿಂತು ಸೀಟಿ ಊದಿ. ಊದಲಾಗದಿದ್ರೆ ದೊಡ್ಡ ಬಾಟ್ಲಿ ತುಂಬ ಕೆಂಪು ಮಿಕ್ಚರ್ ಕೊಡ್ತೀನಿ."

ಜುಂಜಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬದುಕಬೇಕಾದರೆ ಕೆಂಪು ಮಿಕ್ಚರ್ ಬೇಕು. ಅದು ಸಿಗಬೇಕಾದರೆ ಈಕೆಯ ಮಾತಿನಿಂದ ಏನೂ ಆಗುವುದಿಲ್ಲವೆಂದು ತೋರಿಸಿಕೊಡಬೇಕು. ಹಾಗೆ ತೋರಿಸಬೇಕಾದರೆ ಆಕೆ ಹೇಳಿದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡಬೇಕು. ಇಲ್ಲದಿದ್ದರೆ 'ನೀವು ಸರಿಯಾಗಿ ಮಾಡಲಿಲ್ಲ' ಎಂದುಬಿಟ್ಟಾಳು. ಇರುವ ಕಷ್ಟ ಒಂದೇ: ಎಂಟು ವಾರ ಜೀವ ಹಿಡಿದುಕೊಂಡಿರಬೇಕು.

"ನಡೀತೀನಿ," ಎಂದ. ಆಕೆ ಕೇಳಿದ್ದರಲ್ಲಿ ಬಾಯಿಗೂ ಮೂಗಿಗೂ ನಿದ್ದೆಗೂ ಸಂಬಂಧಪಡದ ಬಾಬತ್ತು ಅದೊಂದೇ ಇತ್ತು.

"ಒಳ್ಳೇದು. ಹೊನ್ನಾಳಿ ರಸ್ತೆಯಲ್ಲಿ ಮೊದಲನೇ ಮೈಲಿಗಲ್ಲಿನವರೆಗೆ. ದಿನಾ ಬೆಳಗ್ಗೆ."

ಖಾಲಿ ಬಾಟ್ಲಿ ಹಿಡಿದು ಜುಂಜಪ್ಪ ಪೇಟೆಯ ನಡುವೆ ಮನೆಗೆ ನಡೆದ. ಆ ಬಾಟ್ಲಿಯ ಮೂಲಕ ಆಚೆ ಬೀದಿಯ ಅಂಗಡಿ, ಹಾದುಹೋಗುವ ಎತ್ತು, ಎಲ್ಲ ಸ್ವಚ್ಛವಾಗಿ ಕಾಣುತ್ತಿತ್ತು. ಕಾಫಿ ಹೋಟೆಲಿನವನ ಕೈಯಲ್ಲಿ ಎತ್ತಿ ಸುರಿಯುತ್ತಿದ್ದ ಕಾಫಿ ನಡುದಾರಿಯಲ್ಲಿ ನಿಂತಿತು ಎನ್ನುತ್ತಾರೆ. ಜವಳಿ ಅಂಗಡಿಯವನು ಅವನನ್ನು ಕಂಡದ್ದೇ ಬಿಳಿ ಬಟ್ಟೆಯ ಥಾನು ಮುಂದಕ್ಕಿಟ್ಟ.

ಪಕ್ಕದ ಮನೆಯ ಶಂಕರಮ್ಮ ಜಗಲಿಯಿಂದ ನೋಡಿದಳು. ಸುತ್ತ ಏಳು ಹಳ್ಳಿಯ ಸಾವಿನಲ್ಲಿ ಹಾಡಿ ಅಳುವುದಕ್ಕೆ ಅವಳೇ ಬೇಕು. "ಗಾದ್ರಮ್ಮ, ಹೊರಗ್ ಬಾರೆ. ನಿನ್ನ ಗಂಡನ ಕೈ ನೋಡು," ಎಂದಳು.

ಜುಂಜಪ್ಪನ ಹೆಂಡತಿ ಗಾದ್ರಮ್ಮ ಹೊರಗೆ ಬಂದಳು, ಬಾಟ್ಲಿ ನೋಡಿದಳು, ಕಂಬ ಹಿಡಿದು ಕೂತಳು. "ದಾರೀಲಿ ಚೆಲ್ಲಿರಬೇಕು, ಅಲ್ಲೇನ್ರೀ? ಚೆಲ್ತು ಅಂತ ಒಂದ್ ಮಾತ್ ಅನ್ರೀ."

"ಚೆಲ್ಲಿಲ್ಲ ಕಣೆ. ಕೊಡ್ಲೇ ಇಲ್ಲ. ಮಾತಾಡಿ ಕಳಿಸಿದ್ಲು."

"ಏನಂತ?"

"ನಡೀರಿ ಅಂದ್ಲು."

"ಅಯ್ಯೋ ನಮ್ಮಪ್ಪ, ಬಾಯಿಬಿಟ್ಟೇ ಅಂದ್ಲಾ?" ಎಂದು ಗಾದ್ರಮ್ಮ ಎದೆ ಹಿಡಿದುಕೊಂಡಳು.

ಸಂಜೆಯೊಳಗೆ ಊರು ಬಂತು. ಸಾಯುವವನ ಆಸೆ ತೀರಿಸಬೇಕೆಂದು ಒಬ್ಬರು ಹೋಳಿಗೆ, ಒಬ್ಬರು ಕರ್ಜಿಕಾಯಿ ತಂದರು. ಎದುರು ಮನೆಯ ಹಾಲೇಶಪ್ಪ ಮೇಷ್ಟ್ರು ಬರಿಗೈಲಿ ಬಂದು, ಸ್ಟ್ಯಾಂಡಿನಿಂದ ಮನೆಗೆ ತಂದಿಟ್ಟಿದ್ದ ಕುರ್ಚಿಯ ಕೈ ಸವರಿದರು. "ತೇಗದ್ದೋ, ಮತ್ತಿಯದೋ?" ಎಂದು ಕೇಳಿ, ತೇಗವೆಂದು ತಿಳಿದ ಮೇಲೆ ನಿಟ್ಟುಸಿರಿಟ್ಟರು. ಶಂಕರಮ್ಮ ಮಾತ್ರ ಕೆಲಸದ ಮೇಲೆ ಬಂದವಳು. ಪಕ್ಕ ಕೂತು, "ಜುಂಜಪ್ಪಣ್ಣ, ನಿನ್ನ ಸೀಟಿನ 'ಕೋಗಿಲೆ' ಅನ್ಲೋ, 'ಕಹಳೆ' ಅನ್ಲೋ? ಹಾಡ್ನಾಗೆ ಎರಡೂ ಕೂಡ್ತಾವೆ," ಎಂದು ಅವನ ಅಭಿಪ್ರಾಯ ಕೇಳಿದಳು. ಜುಂಜಪ್ಪ ಕಹಳೆಯೇ ಇರಲಿ ಎಂದ.

ಮರುದಿನ ಬೆಳಗ್ಗೆ ಐದಕ್ಕೇ ಎದ್ದು ಅವನು ನಡೆದ. ಮೊದಲನೇ ಮೈಲಿಗಲ್ಲು ಕಾಶಿಗಿಂತ ಎರಡು ಹೆಜ್ಜೆ ಆಚೆಗಿತ್ತು. ಹನ್ನೊಂದು ಸಲ ಕೂತು, ನಾಲ್ಕು ಸಲ ಹೆಂಡತಿಯ ಹೆಸರು ಹೇಳಿ ಕೂಗಿ ತಲುಪಿದ. ವಾಪಸು ಬಂದಾಗ ಬಾಗಿಲಲ್ಲಿ ನಿಂತಿದ್ದ ಜನರ ಮುಖದಲ್ಲಿ ಸಂತೋಷವೂ ಇತ್ತು, ಒಂದಿಷ್ಟು ನಿರಾಸೆಯೂ ಇತ್ತು.

ಸೋಮವಾರ ಡಾಕ್ಟರಮ್ಮನಿಗೆ ಎಲ್ಲ ಒಪ್ಪಿಸಿದ. ಆರು ದಿನ ನಡೆದೆ, ಒಂದು ದಿನ ಶಂಕರಮ್ಮ ಹಾಡು ಕೇಳಿಸುತ್ತಿದ್ದಳು, ಬಿಡಲಿಲ್ಲ ಎಂದ. ಆಕೆ ಬೈಯಲಿಲ್ಲ. "ಆರು ದಿನ ನಡೆದಿದ್ದೀರಲ್ಲ, ಅದು ದೊಡ್ಡದು. ಮುಂದಿನ ವಾರ ಯಾವುದು?" ಎಂದು ಕೇಳಿದರು. ಬೈಯದ ಡಾಕ್ಟರನ್ನು ಜುಂಜಪ್ಪ ಕಂಡಿರಲಿಲ್ಲ. ಬೈದಿದ್ದರೆ ಮನೆಗೆ ಬಂದು ಮಲಗುತ್ತಿದ್ದ. ಬೈಯದ ಕಾರಣ ಹೆದರಿಹೋಗಿ ಕಾಫಿಯ ಬೆಲ್ಲ ಬಿಟ್ಟ.

ಮೂರನೇ ವಾರ ಮಂಡಕ್ಕಿ ಮೆಣಸಿನಕಾಯಿ ಹೋಯಿತು. ಅಂಗಡಿಯವನು ವ್ಯಾಪಾರ ಕುಸಿದು ತಲೆಗೆ ಕೈಯಿಟ್ಟ. ನಾಲ್ಕನೇ ವಾರ ನಶ್ಯ ಹೋಯಿತು. ಐದನೇ ವಾರ ಜುಂಜಪ್ಪ ಕುರ್ಚಿಯಿಂದ ಎದ್ದಾಗ ಕುರ್ಚಿ ಜತೆಗೆ ಏಳಲಿಲ್ಲ. ಸ್ಟ್ಯಾಂಡಿನ ಹಮಾಲಿಗಳು ಅದನ್ನು ಅಪಶಕುನವೆಂದು ಎಣಿಸಿದರು. ಪಂಚೆ ಒಂದು ಸುತ್ತಿಗೆ ಸಾಲದೆ ಇದ್ದದ್ದು ಎರಡು ಸುತ್ತು ಬಂತು. ಅವನು ಕರಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಖಾಲಿ ಬಾಟ್ಲಿ ಬಂದವನು ಕರಗಿದರೆ ಜನ ಅದನ್ನು ಆರೋಗ್ಯವೆಂದು ಕರೆಯುತ್ತಾರೆಯೇ? ಜುಂಜಪ್ಪನೂ ಕರೆಯಲಿಲ್ಲ. ಬೆಳಗ್ಗೆ ಮೂರನೇ ಮೈಲಿಗಲ್ಲು ಮುಟ್ಟಿ, ಉಸಿರು ಸಲೀಸಾಗಿ ಆಡುತ್ತಿರುವುದನ್ನು ಕಂಡು, "ದೀಪ ಆರೋ ಮುಂಚೆ ಹಿಂಗೇ ಪ್ರಕಾಶ ಆಗ್ತೈತೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ಸೀಟಿ ಊದಿ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಅದನ್ನು ಮಲ್ಲೇಶಪ್ಪನೇ ಊದಿಕೊಂಡು ಬಸ್ಸು ಬಿಡುತ್ತಿದ್ದ.

ಈ ನಡುವೆ ಗಾದ್ರಮ್ಮ ಜಗಳೂರಿನಲ್ಲಿದ್ದ ತನ್ನ ತಾಯಿ ಬೊಮ್ಮಕ್ಕನಿಗೆ ಕಾರ್ಡು ಬರೆಸಿದಳು. ಬರೆದವರು ಹಾಲೇಶಪ್ಪ ಮೇಷ್ಟ್ರು. ಬಾಟ್ಲಿ ಖಾಲಿ ಬಂದ ಸುದ್ದಿ ಮೊದಲನೇ ಕಾರ್ಡಿನಲ್ಲೇ ಹೋಗಿತ್ತು. ಏಳನೇ ವಾರದ ಕಾರ್ಡು ಗಂಡ ಇನ್ನೂ ಇದ್ದಾನೆ, ದಿನಾ ಮೂರು ಮೈಲಿ ನಡೆಯುತ್ತಾನೆ ಎಂದು ತಿಳಿಸಲು ಹೊರಟದ್ದು. ಮೇಷ್ಟ್ರ ಅಕ್ಷರ ಗುಂಡಗೆ, ಕುಂಬಳಕಾಯಿಯಷ್ಟಗಲ. ಕ್ಷೇಮಸಮಾಚಾರಕ್ಕೇ ಅರ್ಧ ಕಾರ್ಡು ಹೋಯಿತು. ಉಳಿದ ಅರ್ಧದಲ್ಲಿ ಇಷ್ಟು ಹಿಡಿಯಿತು: "ನಿಮ್ಮ ಅಳಿಯಂದಿರು ಬಹಳ ಕರಗಿದ್ದರು. ಊಟ ಬಿಟ್ಟಿದ್ದರು. ಈ ದಿನ ಬೆಳಗಿನ ಐದು ಗಂಟೆಗೆ ಹೋದರು. ಎಷ್ಟು ಹೇಳಿದರೂ ನಿಲ್ಲಲಿಲ್ಲ. ಈಗ ಮೂರನೇ ಮೈಲಿಗಲ್ಲಿನ ಬಳಿ ವಿಶ್ರಾಂತಿ". ಅಲ್ಲಿಗೆ ಕಾರ್ಡು ಮುಗಿದುಹೋಯಿತು.

ಜಗಳೂರಿನಲ್ಲಿ ಜುಂಜಪ್ಪನ ಭಾಮೈದ ಬೋರಣ್ಣ ಅದನ್ನು ಓದಿದ. ಓದಿ ಮುಗಿಸಿ, ಸಾವಿನ ಕಾಗದ ಮನೆಯಲ್ಲಿಡಬಾರದೆಂದು ಹರಿದುಹಾಕಿದ.

ಎಂಟನೇ ಸೋಮವಾರದ ಬೆಳಗ್ಗೆ. ಜುಂಜಪ್ಪ ಎಂದಿನಂತೆ ಮೂರನೇ ಮೈಲಿಗಲ್ಲಿನ ಮೇಲೆ ಕೂತಿದ್ದ. ಈ ಹೊತ್ತು ಡಾಕ್ಟರಮ್ಮನ ಮುಂದೆ ಊದಬೇಕೆಂದು ಸೀಟಿಯನ್ನು ಜೇಬಿಗೆ ಹಾಕಿಕೊಂಡಿದ್ದ. ಊದಲಾರೆನೆಂದು ಅವನಿಗೆ ಖಾತ್ರಿ. ಮಿಕ್ಚರ್‌ಗೆಂದು ದೊಡ್ಡ ಬಾಟ್ಲಿಯನ್ನು ಗಾದ್ರಮ್ಮ ತೊಳೆದಿಟ್ಟಿದ್ದಳು.

ಅಷ್ಟರಲ್ಲಿ ಹೊನ್ನಾಳಿ ಕಡೆಯಿಂದ ಬಸ್ಸು ಬಂತು. ಏರಿನಲ್ಲಿ ಕೆಮ್ಮಿತು, ಉಗಿಯಿತು, ನಿಂತಿತು. ಹನ್ನೆರಡು ಜನ ಇಳಿದು ಹಿಂದಿನಿಂದ ನೂಕತೊಡಗಿದರು. ಏಜೆಂಟನ ಕರ್ತವ್ಯವೆಂದು ಜುಂಜಪ್ಪನೂ ಹೋಗಿ ಡ್ರಮ್ಮಿನ ಪಕ್ಕ ಹೆಗಲು ಕೊಟ್ಟ. ಒಂದೇ ಸಲ ಬುಸ್ಸೆಂದು ಬಂದ ಇದ್ದಿಲ ಮಸಿಗೆ ಅವನ ಮುಖ ಉಳಿದವರ ಮುಖದಂತೆಯೇ ಆಯಿತು. ಹೆತ್ತ ತಾಯಿ ಬಂದರೂ ಗುರುತು ಹತ್ತುವ ಹಾಗಿರಲಿಲ್ಲ, ಬಂದವಳು ಅತ್ತೆ.

ಪಕ್ಕದಲ್ಲಿ ನೂಕುತ್ತಿದ್ದ ದಪ್ಪ ಮುದುಕಿ ಅಳುತ್ತಲೇ ಇದ್ದಳು.

"ಯಾಕಜ್ಜಿ ಅಳ್ತೀಯ?" ಎಂದ ಜುಂಜಪ್ಪ.

"ಅಳಿಯ ಹೋಗ್ಬಿಟ್ಟ ಕಣಪ್ಪ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ. ಎಲ್ರೂ ಹೋಗೋ ಕಡೀಗೆ."

"ಪಾಪ. ಏನಾಗಿತ್ತು?"

"ಡಾಕ್ಟ್ರಮ್ಮ ಖಾಲಿ ಬಾಟ್ಲಿ ಕಳಿಸಿದ್ಲಂತೆ. ಕರಗಿ ಕರಗಿ ಹೋದ. ಇಲ್ಲೇ ಮೂರ್ನೇ ಮೈಲಿಗಲ್ಲಿನ ತಾವ ಮಣ್ಣು ಮಾಡ್ಯಾರಂತೆ. ಎಲ್ಲಪ್ಪ ಗುಡ್ಡೆ? ಕಾಣಾಕಿಲ್ಲ."

ಜುಂಜಪ್ಪ ತಾನು ಕೂರುತ್ತಿದ್ದ ಕಲ್ಲಿನ ಕಡೆ ತಿರುಗಿ ನೋಡಿದ. ಹಾಗಾದರೆ ಖಾಲಿ ಬಾಟ್ಲಿ ಇನ್ನೊಬ್ಬನಿಗೂ ಸಿಕ್ಕಿತ್ತು. ಅವನು ಹೋಗಿಯೇಬಿಟ್ಟ. ಇಷ್ಟು ದಿನ ತಾನು ಕೂತು ಸುಧಾರಿಸಿಕೊಂಡದ್ದು ಅವನ ತಲೆಯ ಮೇಲೆ. ಮುಂದಿನ ಸರದಿ ತನ್ನದು. ಜುಂಜಪ್ಪನೂ ಅಳತೊಡಗಿದ. ಇಬ್ಬರೂ ಅಳುತ್ತಾ ನೂಕಿದ್ದರಿಂದ ಬಸ್ಸು ಹತ್ತು ಗಜ ಮುಂದಕ್ಕೆ ಹೋಯಿತು.

"ಯಾವ ಬೀದಿಯವರು, ಅಜ್ಜಿ?"

"ಬಸ್ ಸ್ಟ್ಯಾಂಡಿನ ಮಗ್ಗುಲು."

"ನಮ್ಮ ಬೀದಿಯೇ. ನನಗ್ಯಾರೂ ಹೇಳ್ಲಿಲ್ಲ ನೋಡು. ಏನು ಕೆಲಸದಾಗಿದ್ದ?"

"ಬಸ್ ಏಜೆಂಟು."

ಜುಂಜಪ್ಪ ನೂಕುವುದನ್ನು ನಿಲ್ಲಿಸಿದ. ಸ್ಟ್ಯಾಂಡಿಗೆ ಏಜೆಂಟ್ ಒಬ್ಬನೇ, ಅದು ತಾನು. ಅಂದಮೇಲೆ ಮಾಲೀಕ ತನಗೆ ತಿಳಿಸದೆ ಇನ್ನೊಬ್ಬನನ್ನು ನೇಮಿಸಿದ್ದಾನೆ. ಅವನು ಬಂದು, ಬಾಟ್ಲಿ ತಗೊಂಡು, ಸತ್ತೂ ಹೋಗಿದ್ದಾನೆ. ಇಷ್ಟೆಲ್ಲ ತನ್ನ ಬೆನ್ನ ಹಿಂದೆ ನಡೆದಿದೆ. ಅವನಿಗೆ ಸಾವಿನ ಭಯಕ್ಕಿಂತ ಈ ದ್ರೋಹವೇ ಹೆಚ್ಚು ತಟ್ಟಿತು.

"ಆಗಿದ್ದಾತು ಬಿಡವ್ವ," ಎಂದ ಆಚೆ ಬದಿಯ ಮಸಿಮುಖದ ಗಂಡಸು. "ಭಾವನ ಕುರ್ಚಿ ಖಾಲಿ ಬಿಡಬಾರ್ದು. ನಾಳೆಯಿಂದ ನಾನೇ ಕೂರ್ತೀನಿ. ಸೀಟಿ ಊದೋದು ಏನ್ ಮಹಾ."

ಏನ್ ಮಹಾ ಎಂದದ್ದೇ ತಪ್ಪಾಯಿತು. ಜುಂಜಪ್ಪ ರೋಗ ಮರೆತ, ಎಂಟು ವಾರ ಮರೆತ. ಜೇಬಿನಿಂದ ಹಿತ್ತಾಳೆ ಸೀಟಿ ತೆಗೆದು, ಮೂರು ಮೈಲಿ ನಡೆದ ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟು ಮಾಡಿ ಊದಿದ.

ಆ ಸೀಟಿ ಹೊನ್ನಾಳಿಯ ಹೊಳೆ ದಾಟಿ ಆಚೆ ದಡಕ್ಕೆ ಕೇಳಿಸಿತು ಎನ್ನುವವರಿದ್ದಾರೆ. ಅಷ್ಟಿಲ್ಲದಿದ್ದರೂ ಈಚೆ ದಡಕ್ಕಂತೂ ಕೇಳಿಸಿತು. ಎರಡು ತಿಂಗಳಿಂದ ಏಜೆಂಟರು ಊದಿದ್ದನ್ನು ಕೇಳದ ಮಲ್ಲೇಶಪ್ಪನ ಕಾಲು ತಾನಾಗಿ ಒತ್ತಿತು. ಬಸ್ಸು ಎಚ್ಚೆತ್ತು ಏರನ್ನು ಹತ್ತಿ ಹೊರಟೇಹೋಯಿತು. ನೂಕುತ್ತಿದ್ದವರು ಓಡಿ ಹತ್ತಿಕೊಂಡರು.

ರಸ್ತೆಯಲ್ಲಿ ಉಳಿದವರು ಮೂವರು.

ಬೊಮ್ಮಕ್ಕ ನಿಂತಲ್ಲೇ ಕುಸಿದು ಕೂತಳು. "ಬೋರಣ್ಣ," ಎಂದಳು ಸಣ್ಣ ದನಿಯಲ್ಲಿ, "ಅಳಿಯಂದಿರ ಸೀಟಿ ಕಣೋ. ಗುಡ್ಡೆ ಒಳಗಿಂದ ಬಂತು."

ಬೋರಣ್ಣ ಪಕ್ಕದವನ ಮುಖವನ್ನು ಪಂಚೆಯ ಚುಂಗಿನಿಂದ ಒಂದು ಗೀರು ಒರೆಸಿ ನೋಡಿದ. ಮೂಗು ಕಂಡಿತು. ಇನ್ನೊಂದು ಗೀರು ಒರೆಸುವಷ್ಟು ಅವನು ಅಲ್ಲಿ ನಿಲ್ಲಲಿಲ್ಲ. ಮೊದಲನೇ ಮೈಲಿಗಲ್ಲಿನಲ್ಲಿ ಬಸ್ಸು ಸಿಕ್ಕಿತಂತೆ ಅವನಿಗೆ, ಬಸ್ಸಿಗಿಂತ ಮುಂದಿದ್ದ.

"ಅತ್ತೆ," ಎಂದ ಜುಂಜಪ್ಪ ಬೆರಗಾಗಿ. "ನಿಮಗೆ ಇನ್ನೊಬ್ಬ ಅಳಿಯ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ."

ಡಿಸ್ಪೆನ್ಸರಿಯಲ್ಲಿ ಅವತ್ತು ನಿಲ್ಲಲು ಜಾಗವಿರಲಿಲ್ಲ. ಸತ್ತವನು ತನ್ನ ಅತ್ತೆಯ ಕೈಹಿಡಿದು ಮೂರು ಮೈಲಿ ನಡೆಸಿಕೊಂಡು ಬಂದನೆಂಬ ಸುದ್ದಿಗೆ ಪೇಟೆಯೇ ಬಂದಿತ್ತು. ನಿರ್ಮಲಮ್ಮ ಎದೆಗೆ ಕೊಳವೆಯಿಟ್ಟು ಕೇಳಿದರು, ಕಾಲು ಒತ್ತಿ ನೋಡಿದರು.

"ಸೀಟಿ ನನಗೂ ಕೇಳಿಸ್ತು. ಈಗ ಹೇಳಿ, ಕೆಂಪು ಮಿಕ್ಚರ್ ಬೇಕೇ?"

ತಾನು ಗೆದ್ದೆನೋ ಸೋತೆನೋ ಜುಂಜಪ್ಪನಿಗೆ ತಿಳಿಯಲಿಲ್ಲ. "ನಾನು ಸಾಯಾಕಿಲ್ಲೇನ್ರೀ?"

"ಮೊದಲೂ ಸಾಯ್ತಿರಲಿಲ್ಲ. ಕೂತಲ್ಲೇ ಕೂತಿದ್ರೆ ಸ್ವಲ್ಪ ಬೇಗ ಆಗ್ತಿತ್ತು, ಅಷ್ಟೇ."

"ಹಂಗಾದ್ರೆ ಮಿಕ್ಚರ್ ಬ್ಯಾಡ. ಆದ್ರೆ ಬಾಟ್ಲಿನ ಹಿಂಗೇ ವಾಪಸ್ ಕೊಡಬ್ಯಾಡ್ರಿ, ಅವ್ವಾರೆ. ಜನ ಮತ್ತೆ ಹೋಳಿಗೆ ತರ್ತಾರೆ."

ಕಾಂಪೌಂಡರ್ ಮರುಳಪ್ಪನಿಗೆ ಈ ಸಂಕಟ ಅರ್ಥವಾಯಿತು. ಕಾಗದ ಮಡಚಿ ಎಂಟು ಹಲ್ಲು ಕತ್ತರಿಸಿ, ವಾರಕ್ಕೊಂದರಂತೆ, ಖಾಲಿ ಬಾಟ್ಲಿಗೆ ನೀಟಾಗಿ ಅಂಟಿಸಿ ಕೊಟ್ಟ.

ಊರು ಅದನ್ನು ನೋಡಿತು. ನೋಡಿ, ಊರಿಗೆ ತೋಚಿದ್ದೇ ಬೇರೆ. ಮರುದಿನ ಡಿಸ್ಪೆನ್ಸರಿಯ ಮುಂದೆ ನಲವತ್ತು ಜನ ನಿಂತಿದ್ದರು. ಮುಂದುಗಡೆ ಹಾಲೇಶಪ್ಪ ಮೇಷ್ಟ್ರು. "ನನಗೂ ಖಾಲಿನೇ ಕೊಡ್ರಿ. ಜುಂಜಪ್ಪನಿಗೆ ಕೊಟ್ಟ ನಮೂನೇದು," ಎಂದರು. ನಿರ್ಮಲಮ್ಮ ಕುರ್ಚಿ ಎಳೆದುಕೊಂಡು, "ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ?" ಎಂದು ಶುರು ಮಾಡಿದ ಮೇಲೆ ಸಾಲಿನಲ್ಲಿ ಉಳಿದವರು ಒಂಬತ್ತು ಜನ. ಆ ಒಂಬತ್ತು ಜನರಿಂದಲೇ ಹೊನ್ನಾಳಿ ರಸ್ತೆ ಸವೆದು ಎರಡು ಸಲ ಜಲ್ಲಿ ಹಾಕಿಸಬೇಕಾಯಿತು.

ಬೊಮ್ಮಕ್ಕ ಮಾತ್ರ ಇಷ್ಟು ವಿಚಾರಿಸಿಕೊಳ್ಳುವ ಪೈಕಿಯಲ್ಲ. ಅಳಿಯನ ಬಾಟ್ಲಿಯನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಜಗಳೂರಿಗೆ ಹೋದಳು.

ಎರಡು ತಿಂಗಳ ಮೇಲೆ ಬೋರಣ್ಣ ಬಂದ. ಸ್ಟ್ಯಾಂಡಿನಲ್ಲಿ ಕುರ್ಚಿಯ ಪಕ್ಕ ನಿಂತಿದ್ದ ಜುಂಜಪ್ಪನ ಮುಂದೆ ಬಟ್ಟೆ ಬಿಚ್ಚಿ ಬಾಟ್ಲಿ ಇಟ್ಟ.

"ಭಾವ, ಅವ್ವಂಗೆ ಗುಣ ಕಾಣ್ಲಿಲ್ಲ. ಹಲ್ಲಿನ ಲೆಕ್ಕ ತಪ್ಪದಂಗೆ ಮೂರು ಹೊತ್ತೂ ಬಿರಡೆ ತೆಗ್ದು ಬಾಯಿಗೆ ಬಗ್ಗಿಸಿಕೊಂಡ್ಲು. ಎಂಟು ವಾರ. ಇನ್ನೂ ದಪ್ಪ ಆಗ್ಯಾಳೆ."

"ನಡೆದ್ಲೇನೋ?"

"ನಡೆಯೋದ್ಯಾಕೆ, ಬಾಟ್ಲಿ ಇತ್ತಲ್ಲ. ಅದು ಮುಗ್ದೋಗೈತಂತೆ. ಇನ್ನೊಂದು ಸಲ ಡಾಕ್ಟ್ರಮ್ಮನ ತಾವ ಖಾಲಿ ಮಾಡಿಸ್ಕೊಂಡು ಬಾ ಅಂದ್ಲು."

ಜುಂಜಪ್ಪ ಬಾಟ್ಲಿಯನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ನೋಡಿದ. "ರೋಗಿನ ನೋಡ್ದೆ ಡಾಕ್ಟ್ರಮ್ಮ ಕೊಡಾಕಿಲ್ಲ. ಅತ್ತೆನೇ ಬರಬೇಕು."

"ಹಂಗಾದ್ರೆ ಸೋಮವಾರದ ಬಸ್ಸಿಗೆ ಕರ್ಕೊಂಡು ಬರ್ತೀನಿ, ಭಾವ."

"ಬಸ್ಸಿಗೇನಪ್ಪ," ಎಂದ ಏಜೆಂಟ್ ಜುಂಜಪ್ಪ, ಸೀಟಿಯನ್ನು ಪಂಚೆಯಲ್ಲಿ ಒರೆಸಿ ಬಾಯಿಗಿಡುವ ಮುಂಚೆ. "ಹೊನ್ನಾಳಿ ತನಕ ಕರ್ಕೊಂಡು ಬಾ. ಅಲ್ಲಿಂದ ಈಚೆಗೆ ನಿಮ್ಮವ್ವಂಗೆ ನಾನು ಟಿಕೀಟು ಹರಿಯಾಕೆ ಬಿಡಾಕಿಲ್ಲ."